ಕಣ್ಣಿಗೊಂದು ಬಣ್ಣ, ಕಾಗದಕ್ಕೊಂದು ಬಣ್ಣ

ನೀವು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಾಗಿದ್ದರೆ ಬಹುಶಃ ಈ ಕೆಲಸವನ್ನು ಮಾಡಿರುತ್ತೀರಿ. ಶಾಲೆಯಲ್ಲಿ ಪಿಎಚ್ ಕಾಗದದ ಪುಸ್ತಿಕೆ ಇರುವುದು ಒಂದೇ. ತರಗತಿಯಲ್ಲಿ ನಲವತ್ತು ಮಕ್ಕಳು. ಪುಸ್ತಿಕೆಯ ಮೇಲಿರುವ ಬಣ್ಣದ ಪಟ್ಟಿಯನ್ನು ಮನೆಯ ಸ್ಕ್ಯಾನರಿನಲ್ಲಿಟ್ಟು ಚಿತ್ರ ತೆಗೆದಿರಿ. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಹತ್ತು ಪ್ರತಿ ಮುದ್ರಿಸಿ ಗುಂಪಿಗೊಂದರಂತೆ ಹಂಚಿದಿರಿ. ಮಕ್ಕಳು ತಟಸ್ಥ ದ್ರಾವಣದಲ್ಲಿ ಕಾಗದವನ್ನು ಅದ್ದಿದರು, ಅದು ಹಸಿರಾಯಿತು. ನೀವು ಕೊಟ್ಟ ಪಟ್ಟಿಯೊಂದಿಗೆ ಹೋಲಿಸಿ "ಪಿಎಚ್ 8" ಎಂದು ಬರೆದುಕೊಂಡರು!

ತಪ್ಪು ಮಕ್ಕಳದಲ್ಲ, ದ್ರಾವಣದ್ದೂ ಅಲ್ಲ. ಮುದ್ರಿತ ಪಟ್ಟಿಯಲ್ಲಿ ಎಲ್ಲ ಬಣ್ಣಗಳೂ ಹಳದಿಯ ಕಡೆಗೆ ತುಸು ಜಾರಿದ್ದವು. 7ರ ಹಸಿರು ಹಳದಿ ಮಿಶ್ರಿತ ಹಸಿರಾಗಿತ್ತು, 8ರ ನೀಲಿ ಮಿಶ್ರಿತ ಹಸಿರು ಅಪ್ಪಟ ಹಸಿರಾಗಿತ್ತು. ಮಕ್ಕಳು ತಮಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಬರೆದರು.

ಸ್ಕ್ಯಾನರ್, ಪರದೆ, ಪ್ರಿಂಟರ್ - ಈ ಮೂರೂ ಒಂದೇ ಬಣ್ಣವನ್ನು ಏಕೆ ಒಂದೇ ರೀತಿ ತೋರಿಸುವುದಿಲ್ಲ? ಉತ್ತರ ಬೇಕಾದರೆ ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ಬಿಳಿಯ ಬೆಳಕನ್ನು ನ್ಯೂಟನ್ ಪಟ್ಟಕದ ಮೂಲಕ ಹಾಯಿಸಿ ರೋಹಿತವನ್ನು ಪಡೆದ ಪ್ರಯೋಗ ನಿಮಗೆ ಗೊತ್ತೇ ಇದೆ. ಅವನ ಕೃತಿ 'ಆಪ್ಟಿಕ್ಸ್' ಪ್ರಕಟವಾದದ್ದು 1704ರಲ್ಲಿ. ಅದರ ವಿಚಾರಗಳಿಂದ ಪ್ರೇರಿತನಾದ ಒಬ್ಬ ಚಿತ್ರಕಾರ ಯಾಕೋಬ್ ಕ್ರಿಸ್ಟಾಫ್ ಲ ಬ್ಲಾನ್. ಕೆಂಪು, ಹಳದಿ, ನೀಲಿ ಶಾಯಿಗಳಿಗೆ ಒಂದೊಂದು ತಾಮ್ರದ ಫಲಕ ಕೊರೆದು, ಒಂದೇ ಕಾಗದದ ಮೇಲೆ ಒಂದರ ಮೇಲೊಂದು ಒತ್ತಿದರೆ ಎಲ್ಲ ಬಣ್ಣಗಳೂ ಬರುತ್ತವೆಂದು ಅವನು ತೋರಿಸಿಕೊಟ್ಟ. 1719ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ರಾಜಸನ್ನದು ಸಿಕ್ಕಿತು. ಗಾಢ ಭಾಗಗಳಿಗಾಗಿ ಕೆಲವೊಮ್ಮೆ ಕಪ್ಪು ಶಾಯಿಯ ನಾಲ್ಕನೆಯ ಫಲಕವನ್ನೂ ಬಳಸುತ್ತಿದ್ದ. ಅವನ ಕಂಪನಿ ದಿವಾಳಿಯಾಯಿತು, ಆ ಮಾತು ಬೇರೆ. ಆದರೆ ನಿಮ್ಮ ಮನೆಯ ಪ್ರಿಂಟರಿನ ಹೊಟ್ಟೆಯಲ್ಲಿರುವ ನಾಲ್ಕು ಶಾಯಿಗಳ ಮೂಲ ಅಲ್ಲಿದೆ.

ಶಾಯಿ ಬೆಳಕನ್ನು ಕೊಡುವುದಿಲ್ಲ, ಕಳೆಯುತ್ತದೆ. ಹಳದಿ ಶಾಯಿ ಬಿಳಿಯ ಬೆಳಕಿನಲ್ಲಿನ ನೀಲಿಯನ್ನು ನುಂಗಿ ಉಳಿದದ್ದನ್ನು ಹಿಂದಿರುಗಿಸುತ್ತದೆ. ಪರದೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಕತ್ತಲೆಗೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸುತ್ತಾ ಹೋಗಬೇಕು. ಕೂಡಿಸುವ ಯಂತ್ರವೂ ಕಳೆಯುವ ಯಂತ್ರವೂ ಒಂದೇ ಉತ್ತರ ಕೊಡಬೇಕೆಂಬುದು ನಮ್ಮ ಆಸೆ!

ಮೂರೇ ಬಣ್ಣ ಏಕೆ? ಕಾರಣ ಬೆಳಕಿನಲ್ಲಿಲ್ಲ, ಕಣ್ಣಿನಲ್ಲಿದೆ ಎಂದು ಮೊದಲು ಸ್ಪಷ್ಟವಾಗಿ ಊಹಿಸಿದವನು ಥಾಮಸ್ ಯಂಗ್. ಅಕ್ಷಿಪಟಲದಲ್ಲಿ ಮೂರು ಬಗೆಯ ಗ್ರಾಹಕಗಳಿದ್ದರೆ ಸಾಕು ಎಂದು 1801ರ ತನ್ನ ಉಪನ್ಯಾಸದಲ್ಲಿ ಅವನು ಹೇಳಿದ. ಅದನ್ನು ಅಳತೆಗೆ ಒಳಪಡಿಸಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಬಣ್ಣದ ಕಾಗದಗಳನ್ನು ಅಂಟಿಸಿದ ಬಿಲ್ಲೆಯನ್ನು ಬುಗುರಿಯಂತೆ ತಿರುಗಿಸಿ, ಯಾವ ಬಣ್ಣ ಎಷ್ಟು ಪಾಲು ಸೇರಿದರೆ ಯಾವುದಕ್ಕೆ ಸಮ ಎಂದು ಸಮೀಕರಣ ಬರೆದ. ಈ ಪ್ರಯೋಗವನ್ನು ನೀವೂ ತರಗತಿಯಲ್ಲಿ ಮಾಡಬಹುದು.

1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮ್ಯಾಕ್ಸ್‌ವೆಲ್ ಇನ್ನೊಂದು ಪ್ರಯೋಗ ತೋರಿಸಿದ. ಬಣ್ಣಬಣ್ಣದ ಚೌಕಳಿಯ ರಿಬ್ಬನ್ನನ್ನು ಕೆಂಪು, ಹಸಿರು, ನೀಲಿ ದ್ರಾವಣಗಳ ಮೂಲಕ ಥಾಮಸ್ ಸಟನ್ ಎಂಬ ಛಾಯಾಗ್ರಾಹಕ ಬೇರೆಬೇರೆಯಾಗಿ ಚಿತ್ರ ತೆಗೆದಿದ್ದ. ಆ ಕಪ್ಪು-ಬಿಳುಪು ಚಿತ್ರಗಳನ್ನು ಅದದೇ ಬಣ್ಣದ ಬೆಳಕಿನಲ್ಲಿ ಗೋಡೆಯ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ರಿಬ್ಬನ್ ಬಣ್ಣದಲ್ಲಿ ಮೂಡಿತು.

ಇಲ್ಲೊಂದು ಸ್ವಾರಸ್ಯವಿದೆ. ಆಗಿನ ಛಾಯಾಫಲಕಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಫಲಕದ ರಾಸಾಯನಿಕಕ್ಕೆ ವರ್ಣಕ ಬೆರೆಸಿ ಇತರ ಬಣ್ಣಗಳಿಗೂ ಅದು ಸ್ಪಂದಿಸುವಂತೆ ಮಾಡುವ ಉಪಾಯವನ್ನು ಜರ್ಮನಿಯ ಫೋಗೆಲ್ ಕಂಡುಹಿಡಿದದ್ದೇ 1873ರಲ್ಲಿ. ಹಾಗಾದರೆ 1861ರಲ್ಲಿ ಕೆಂಪಿನ ಚಿತ್ರ ಬಂದದ್ದು ಹೇಗೆ? ಸರಿಯಾಗಿ ನೂರು ವರ್ಷಗಳ ಬಳಿಕ, 1961ರಲ್ಲಿ, ಕೊಡ್ಯಾಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಮತ್ತು ಸಂಗಡಿಗರು ಆ ಪ್ರಯೋಗವನ್ನು ಪುನಃ ಮಾಡಿ ಗುಟ್ಟನ್ನು ಬಿಡಿಸಿದರು. ರಿಬ್ಬನ್ನಿನ ಕೆಂಪು ವರ್ಣಕ ನೇರಳಾತೀತ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು. ಕೆಂಪು ದ್ರಾವಣ ಅವನ್ನೂ ಹಾಯಗೊಡುತ್ತಿತ್ತು. ಫಲಕ "ಕೆಂಪು" ಎಂದು ದಾಖಲಿಸಿದ್ದು ಕಣ್ಣಿಗೆ ಕಾಣದ ಕಿರಣವನ್ನು! ಸಿದ್ಧಾಂತ ಸರಿಯಾಗಿತ್ತು, ಪ್ರಯೋಗ ಅದೃಷ್ಟದಿಂದ ಗೆದ್ದಿತು.

ಈ ಪ್ರಸಂಗವನ್ನು ನೆನಪಿಡಿ. ಉಪಕರಣ ನೋಡುವುದು ಕಣ್ಣು ನೋಡುವುದನ್ನಲ್ಲ. ನಿಮ್ಮ ಸ್ಕ್ಯಾನರಿನ ಶೋಧಕಗಳೂ ಮೂರೇ ಆದರೂ ಅವು ನಿಮ್ಮ ಶಂಕುಕೋಶಗಳ ನಕಲಲ್ಲ. ಕಣ್ಣಿಗೆ ಒಂದೇ ಎನಿಸುವ ಎರಡು ಹಸಿರುಗಳು ಸ್ಕ್ಯಾನರಿಗೆ ಬೇರೆಯಾಗಿ ಕಾಣಬಹುದು.

ಮೂರು ಗ್ರಾಹಕಗಳ ಈ ವಾದಕ್ಕೆ ನಮ್ಮ ಬೆಂಗಳೂರಿನಿಂದಲೂ ಆಕ್ಷೇಪ ಬಂದಿತ್ತು. ಸರ್ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣ ಮತ್ತು ದೃಷ್ಟಿಯ ಕುರಿತು ಕೆಲಸ ಮಾಡಿ, 1968ರಲ್ಲಿ 'ದಿ ಫಿಸಿಯಾಲಜಿ ಆಫ್ ವಿಷನ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರು ಈ ಸಿದ್ಧಾಂತವನ್ನು ಒಪ್ಪಿರಲಿಲ್ಲ. ಆದರೆ 1964ರಲ್ಲೇ ಅಮೆರಿಕದ ಎರಡು ತಂಡಗಳು ಒಂದೊಂದೇ ಶಂಕುಕೋಶದ ಮೂಲಕ ಬೆಳಕು ಹಾಯಿಸಿ ಮೂರು ಬಗೆಯ ಹೀರಿಕೆಯನ್ನು ಅಳೆದಿದ್ದವು. ಈ ವಿಷಯದಲ್ಲಿ ಪುರಾವೆ ರಾಮನ್ನರ ಕಡೆಗಿರಲಿಲ್ಲ ಎಂದು ಹೇಳಲು ನಾವು ಸಂಕೋಚಪಡಬೇಕಿಲ್ಲ.

ಇನ್ನು ಅಳತೆಗೋಲಿನ ಕಥೆ. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡೇವಿಡ್ ರೈಟ್ ಹತ್ತು ಜನರನ್ನೂ, ಅಲ್ಲಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಜಾನ್ ಗಿಲ್ಡ್ ಏಳು ಜನರನ್ನೂ ಕೂರಿಸಿ ಪರೀಕ್ಷಿಸಿದರು. ಕಿಂಡಿಯೊಳಗೆ ಒಂದು ಬದಿಯಲ್ಲಿ ರೋಹಿತದ ಒಂದು ಶುದ್ಧ ಬಣ್ಣ, ಮತ್ತೊಂದು ಬದಿಯಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳ ಮಿಶ್ರಣ. ಎರಡೂ ಒಂದಾಗಿ ಕಾಣುವವರೆಗೆ ಗುಂಡಿ ತಿರುಗಿಸಬೇಕು. ನೋಟದ ವಿಸ್ತಾರ ಕೇವಲ 2 ಡಿಗ್ರಿ, ಅಂದರೆ ತೋಳು ಚಾಚಿ ಹಿಡಿದ ಹೆಬ್ಬೆರಳ ಅಗಲದಷ್ಟು. ಈ ಹದಿನೇಳು ಜನರ ಕಣ್ಣುಗಳ ಸರಾಸರಿಯೇ 1931ರಲ್ಲಿ ಅಂತರರಾಷ್ಟ್ರೀಯ ಪ್ರದೀಪನ ಆಯೋಗ ಅಂಗೀಕರಿಸಿದ 'ಮಾನಕ ವೀಕ್ಷಕ'. ನಿಮ್ಮ ಮೊಬೈಲಿನ ಪರದೆಯನ್ನು ಇಂದಿಗೂ ಅಳೆಯುವುದು ಅವರ ಕಣ್ಣಿನಿಂದ.

ಆ ಪ್ರಯೋಗದಲ್ಲಿ ಒಂದು ತೊಡಕು ಎದುರಾಯಿತು. 500 ನ್ಯಾನೊಮೀಟರ್ ತರಂಗದೂರದ ಆಸುಪಾಸಿನ ನೀಲಿ-ಹಸಿರನ್ನು ಮೂರು ಬೆಳಕುಗಳಿಂದ ಎಷ್ಟು ಪ್ರಯತ್ನಿಸಿದರೂ ಪಡೆಯಲಾಗುವುದಿಲ್ಲ. ಮಿಶ್ರಣ ಯಾವಾಗಲೂ ಪೇಲವ. ಕೆಂಪು ಬೆಳಕನ್ನು ಆಚೆ ಬದಿಗೆ, ಅಂದರೆ ಪರೀಕ್ಷಿಸುತ್ತಿರುವ ಬಣ್ಣಕ್ಕೇ ಸೇರಿಸಿದರೆ ಮಾತ್ರ ಎರಡೂ ಹೊಂದುತ್ತವೆ. ಗಣಿತದಲ್ಲಿ ಇದು ಋಣ ಕೆಂಪು! ಇದರ ಅರ್ಥವೇನು? ಯಾವುದೇ ಮೂರು ನೈಜ ಬೆಳಕುಗಳಿಂದ ಕಣ್ಣು ಕಾಣುವ ಎಲ್ಲ ಬಣ್ಣಗಳನ್ನೂ ಪಡೆಯುವುದು ಅಸಾಧ್ಯ. ಪರದೆ ಎಷ್ಟೇ ದುಬಾರಿಯಾದರೂ ಮೂರು ಬಣ್ಣಗಳ ತ್ರಿಕೋನದೊಳಗೇ ಅದರ ಆಟ. ಶಾಯಿಯ ವ್ಯಾಪ್ತಿಯೂ ಸೀಮಿತ, ಆದರೆ ಅದರ ಗಡಿ ಬೇರೆ. ಪರದೆಯ ಉಜ್ವಲ ನೀಲಿ ಕಾಗದಕ್ಕೆ ಇಳಿಯದು. ಮುದ್ರಣದ ಕೆಲವು ನೀಲಿ-ಹಸಿರುಗಳು ಸಾಮಾನ್ಯ ಪರದೆಗೆ ಏರವು.

ಕಂಪ್ಯೂಟರಿಗೆ ಚಿತ್ರ ತುಂಬಿಸುವ ಕೆಲಸ ಆರಂಭವಾದದ್ದು 1957ರಲ್ಲಿ. ಅಮೆರಿಕದ ಮಾನಕ ಸಂಸ್ಥೆಯಲ್ಲಿ ರಸೆಲ್ ಕರ್ಷ್ ತಮ್ಮ ಮೂರು ತಿಂಗಳ ಮಗುವಿನ ಫೋಟೋವನ್ನು 176 × 176 ಚುಕ್ಕೆಗಳಾಗಿ ಯಂತ್ರದೊಳಗೆ ಇಳಿಸಿದರು, ಅದೂ ಕಪ್ಪು-ಬಿಳುಪಿನಲ್ಲಿ. ಮುಂದೆ ಬಣ್ಣದ ಸ್ಕ್ಯಾನರುಗಳು ಬಂದರೂ ಅವು ಬಹುಕಾಲ ದೊಡ್ಡ ಮುದ್ರಣಾಲಯಗಳ ಸೊತ್ತು. ಅಲ್ಲಿ ಒಂದೇ ಸ್ಕ್ಯಾನರು, ಒಂದೇ ಮುದ್ರಣಯಂತ್ರ, ಎರಡನ್ನೂ ಬಲ್ಲ ಒಬ್ಬ ನುರಿತ ಕೆಲಸಗಾರ. ಬಣ್ಣ ಹೊಂದಿಸುವ ವಿದ್ಯೆ ಅವನ ಕೈಯಲ್ಲಿತ್ತು. 1990ರ ದಶಕದಲ್ಲಿ ಸ್ಕ್ಯಾನರು, ಪ್ರಿಂಟರುಗಳು ಮನೆಗೆ ಬಂದವು, ಆ ಕೆಲಸಗಾರ ಬರಲಿಲ್ಲ.

ಹತ್ತು ಉಪಕರಣಗಳನ್ನು ಎರಡೆರಡಾಗಿ ಹೊಂದಿಸಬೇಕಾದರೆ 45 ಜೋಡಿಗಳಾಗುತ್ತವೆ. ಅದರ ಬದಲು ಎಲ್ಲಕ್ಕೂ ಒಂದು ಸಂಪರ್ಕ ಭಾಷೆ ಇದ್ದರೆ ಹತ್ತೇ ನಿಘಂಟುಗಳು ಸಾಕು. 1993ರಲ್ಲಿ ಅಡೋಬ್, ಆ್ಯಪಲ್, ಕೊಡ್ಯಾಕ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ಸೇರಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಕಟ್ಟಿದ್ದು ಈ ಆಲೋಚನೆಯಿಂದಲೇ. ಅವರು ಆರಿಸಿಕೊಂಡ ಸಂಪರ್ಕ ಭಾಷೆ ಯಾವುದು ಗೊತ್ತೇ? 1931ರ ಆ ಹದಿನೇಳು ಜನರ ಕಣ್ಣು! ಪ್ರತಿ ಉಪಕರಣಕ್ಕೂ 'ಪ್ರೊಫೈಲ್' ಎಂಬ ಕಡತವಿರುತ್ತದೆ. "ನಾನು 120 ಎಂದರೆ ಮಾನಕ ವೀಕ್ಷಕನಿಗೆ ಇಂಥ ಬಣ್ಣ" ಎಂದು ಅದು ಹೇಳುತ್ತದೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸಾಮಾನ್ಯ ಪರದೆಗಳಿಗಾಗಿ 'ಎಸ್‌ಆರ್‌ಜಿಬಿ' ಎಂಬ ಮಾನಕವನ್ನು ಸೂಚಿಸಿದವು. 1999ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಪ್ರೊಫೈಲ್ ಇಲ್ಲದ ಚಿತ್ರವನ್ನು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಎಂದೇ ಭಾವಿಸುವುದು ಈಗಲೂ ರೂಢಿ.

ನಿಮ್ಮ ಪರದೆ ಈ ಮಾನಕಕ್ಕೆ ಎಷ್ಟು ಹತ್ತಿರವಿದೆ ಎಂದು ಖರ್ಚಿಲ್ಲದೆ ಪರೀಕ್ಷಿಸಬಹುದು. ಹಳೆಯ ಗಾಜಿನ ನಳಿಗೆಯ ಪರದೆಗಳಲ್ಲಿ ಅರ್ಧ ಸಂಕೇತ ಕೊಟ್ಟರೆ ಅರ್ಧ ಬೆಳಕು ಬರುತ್ತಿರಲಿಲ್ಲ, ಸುಮಾರು ಶೇಕಡ 22 ಮಾತ್ರ ಬರುತ್ತಿತ್ತು. ಇಂದಿನ ಚಪ್ಪಟೆ ಪರದೆಗಳೂ ಅದನ್ನೇ ಅನುಕರಿಸುತ್ತವೆ. ಯಾವುದಾದರೂ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಒಂದು ಚೌಕ ಮಾಡಿ, ಒಂದು ಚುಕ್ಕೆ ದಪ್ಪದ ಕಪ್ಪು, ಬಿಳಿ ಅಡ್ಡಗೆರೆಗಳನ್ನು ಒಂದಾದ ಮೇಲೊಂದು ತುಂಬಿ. ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ ನೂರಕ್ಕೆ ನೂರು ಗಾತ್ರದಲ್ಲೇ ಇಟ್ಟು ದೂರದಿಂದ ನೋಡಿ. ಅದು ಸರಿಯಾಗಿ ಅರ್ಧ ಬೆಳಕಿನ ಬೂದು. ಪಕ್ಕದಲ್ಲಿ ಸಾದಾ ಬೂದು ಚೌಕವಿಟ್ಟು ಅದರ ಸಂಖ್ಯೆಯನ್ನು ಬದಲಿಸುತ್ತ ಬನ್ನಿ. ಎರಡೂ ಒಂದಾಗುವುದು 128ರಲ್ಲಲ್ಲ, 186-188ರ ಸುಮಾರಿಗೆ. ಹಾಗಾದರೆ ಪರದೆ ಸರಿಯಿದೆ. 170ರ ಹತ್ತಿರ ಹೊಂದಿದರೆ ಪರದೆ ಎಲ್ಲವನ್ನೂ ಇರಬೇಕಾದ್ದಕ್ಕಿಂತ ತೆಳುವಾಗಿ ತೋರಿಸುತ್ತಿದೆ. ವಿದ್ಯಾರ್ಥಿಗಳಿಗೆ ಇದು ಘಾತಗಳ ಪಾಠವೂ ಆಗುತ್ತದೆ.

ಉಳಿದದ್ದು ಎಚ್ಚರಿಕೆಯ ಕೆಲಸ. ಸ್ಕ್ಯಾನರಿನ 'ತಾನೇ ತಿದ್ದುವ' ಆಯ್ಕೆಯನ್ನು ತೆಗೆದುಹಾಕಿ; ಅದು ಪ್ರತಿ ಚಿತ್ರವನ್ನೂ ಒಂದೊಂದು ರೀತಿ ತಿದ್ದುತ್ತದೆ. ಪ್ರಿಂಟರಿಗೆ ನೀವು ಹಾಕಿದ ಕಾಗದದ ಬಗೆಯನ್ನೇ ತಿಳಿಸಿ. ಬಣ್ಣ ತಿದ್ದುವ ಅಧಿಕಾರ ತಂತ್ರಾಂಶಕ್ಕೋ ಪ್ರಿಂಟರಿನ ಚಾಲಕಕ್ಕೋ, ಒಂದಕ್ಕೆ ಮಾತ್ರ ಇರಲಿ. ಇಬ್ಬರೂ ತಿದ್ದಿದರೆ ಸಾರಿಗೆ ಇಬ್ಬರು ಉಪ್ಪು ಹಾಕಿದಂತೆ. ಮುದ್ರಿತ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗಲ್ಲ, ಹಗಲು ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ನೋಡಿ.

ಇಷ್ಟೆಲ್ಲ ಮಾಡಿದರೂ ಪಿಎಚ್ ಪಟ್ಟಿಯ ನಕಲು ಪ್ರತಿಯನ್ನು ಅಳತೆಗೆ ಬಳಸಬೇಡಿ ಎಂಬುದೇ ನನ್ನ ಅಭಿಪ್ರಾಯ. ಬೇರೆ ದಾರಿ ಇದೆ. ಮಕ್ಕಳು ಅದ್ದಿ ತೆಗೆದ ಕಾಗದವನ್ನೂ ಮೂಲ ಪುಸ್ತಿಕೆಯನ್ನೂ ಅಕ್ಕಪಕ್ಕ ಸ್ಕ್ಯಾನರಿನ ಗಾಜಿನ ಮೇಲಿಡಿ. ಗಾಜು ಒದ್ದೆಯಾಗದಂತೆ ಕೆಳಗೊಂದು ಪಾರದರ್ಶಕ ಹಾಳೆ ಇರಲಿ. ಎರಡನ್ನೂ ಒಂದೇ ಚಿತ್ರದಲ್ಲಿ ತೆಗೆದು ಇಡೀ ತರಗತಿಗೆ ಪರದೆಯ ಮೇಲೆ ತೋರಿಸಿ. ಬಣ್ಣ ಜಾರಿದರೂ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಜಾರುತ್ತವೆ, ಹೋಲಿಕೆ ಉಳಿಯುತ್ತದೆ. ಹೆಚ್ಚುಕಡಿಮೆ ಎಂದದ್ದಕ್ಕೆ ಕಾರಣವಿದೆ: ಪುಸ್ತಿಕೆಯ ಹಸಿರು ಮುದ್ರಣದ ಶಾಯಿ, ಕಾಗದದ ಹಸಿರು ಸೂಚಕದ ವರ್ಣಕ. ಅವೆರಡನ್ನೂ ಸ್ಕ್ಯಾನರು ಒಂದೇ ಎಂದು ಕಾಣುತ್ತದೆಯೇ ಎಂಬುದನ್ನು ಪಿಎಚ್ ಗೊತ್ತಿರುವ ಒಂದೆರಡು ದ್ರಾವಣಗಳಿಂದ ಮೊದಲೇ ಪರೀಕ್ಷಿಸಿಕೊಳ್ಳಿ.