ತಲೆಗೆ ಕಾಯಿದೆ, ಕಣ್ಣಿಗೆ ಕೂಲಿಂಗ್ ಗ್ಲಾಸು

ಮೋಟರ್‌ಸೈಕಲ್ ಸವಾರರು ಮೊದಲು ಕಾಪಾಡಿಕೊಂಡದ್ದು ತಲೆಯನ್ನಲ್ಲ, ಕಣ್ಣನ್ನು. ನೂರು ವರ್ಷದ ಹಿಂದಿನ ಬೈಕ್ ರೇಸಿನ ಫೋಟೊಗಳನ್ನು ನೋಡಿ. ತಲೆಯ ಮೇಲೆ ಬಟ್ಟೆ ಟೋಪಿಯೋ ಚರ್ಮದ ಟೋಪಿಯೋ ಇರುತ್ತದೆ, ಬಿದ್ದರೆ ಅದರಿಂದ ನಾಲ್ಕಾಣೆ ಉಪಯೋಗವಿಲ್ಲ. ಕಣ್ಣಿಗೆ ಮಾತ್ರ ದಪ್ಪ ಗಾಗಲ್ಸು ಬಿಗಿದಿರುತ್ತದೆ. ಟಾರು ಕಾಣದ ರಸ್ತೆ, ಮುಂದಿನ ಗಾಡಿ ಎಬ್ಬಿಸಿದ ಧೂಳು. ತಲೆ ಒಡೆಯುವುದು ಬಿದ್ದ ದಿನದ ಮಾತು. ಕಣ್ಣಿಗೆ ಕಸ ಬೀಳುವುದು ಪ್ರತಿ ಫರ್ಲಾಂಗಿನ ಮಾತು.

ಮದ್ರಾಸಿನ ವೇಲಚೇರಿಯಲ್ಲಿ, ವಿಜಯನಗರ ಬಸ್ ನಿಲ್ದಾಣದ ಹತ್ತಿರ, ನನ್ನದೊಂದು ಸಣ್ಣ ಕನ್ನಡಕದ ಅಂಗಡಿ. ಊರು ಮೈಸೂರು. ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚುವ ಹೊತ್ತಿಗೆ ನಾನು ಗಾಜು ಉಜ್ಜುವ ಕೆಲಸ ಕಲಿತು ಮದ್ರಾಸಿಗೆ ಬಂದಾಗಿತ್ತು. ಹಾಗಾಗಿ ಬೈಕು ಮತ್ತು ಗಾಜು, ಎರಡೂ ನನಗೆ ಮನೆಮಾತು.

ಹಳೆಯ ಗಾಗಲ್ಸಿನ ದೊಡ್ಡ ತೊಂದರೆ ಅದರ ಗಾಜೇ. ಕಲ್ಲು ಹಾರಿ ಬಡಿದರೆ ಕಣ್ಣು ಕಾಯಬೇಕಾದ ಗಾಜೇ ಚೂರಾಗಿ ಕಣ್ಣಿಗೆ ಇಳಿಯುತ್ತಿತ್ತು. ಇದಕ್ಕೆ ಉಪಾಯ ಸಿಕ್ಕಿದ್ದು ಕೈತಪ್ಪಿನಿಂದ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಕೈಯಿಂದ ಗಾಜಿನ ಫ್ಲಾಸ್ಕ್ ಜಾರಿ ಬಿತ್ತಂತೆ. ಒಡೆಯಿತು, ಚೂರು ಮಾತ್ರ ಚದುರಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ, ತೆಳ್ಳಗಿನ ಪೊರೆಯಾಗಿ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಅವನು ಎರಡು ಗಾಜಿನ ನಡುವೆ ಪೊರೆಯಿಟ್ಟ ‘ಟ್ರಿಪ್ಲೆಕ್ಸ್’ಗೆ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಅದು ವಿಷಾನಿಲದ ಮುಖವಾಡಗಳ ಕಣ್ಣಿನ ಗಾಜಾಯಿತು, ಮುಂದೆ ಗಾಗಲ್ಸಿಗೂ ಬಂತು. ಆಮೇಲೆ ಪ್ಲಾಸ್ಟಿಕ್ಕಿನ ಕಾಲ. ನಮ್ಮ ಅಂಗಡಿಗಳಲ್ಲಿ ಇಂದಿಗೂ ಓಡುವ ಸಿಆರ್-39 ಎಂಬ ಪ್ಲಾಸ್ಟಿಕ್ ಹುಟ್ಟಿದ್ದು 1940ರಲ್ಲಿ. ಸುತ್ತಿಗೆಯಲ್ಲಿ ಹೊಡೆದರೂ ಸುಲಭಕ್ಕೆ ಜಗ್ಗದ ಪಾಲಿಕಾರ್ಬನೇಟನ್ನು 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲೊಬ್ಬರು, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲೊಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕಂಡುಹಿಡಿದರು. ಇವತ್ತಿನ ಒಳ್ಳೆಯ ಹೆಲ್ಮೆಟ್ ವೈಸರ್ ಅದರದ್ದೇ.

ತಲೆಯ ಸರದಿ ಬಂದದ್ದು ಒಂದು ಸಾವಿನಿಂದ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ 1935ರಲ್ಲಿ ಬೈಕಿನಿಂದ ಬಿದ್ದು ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕನೂ ಇದ್ದ. ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಅವನು ಬರೆದ ಲೇಖನ ಪ್ರಸಿದ್ಧ. ಅಲ್ಲಿಂದ ವೈದ್ಯರು, ಸರ್ಕಾರಗಳು, ಕಂಪನಿಗಳು ಎಲ್ಲರ ಗಮನವೂ ಬುರುಡೆಯ ಕಡೆ ಹರಿಯಿತು. ಹರಿದದ್ದು ನ್ಯಾಯವೇ, ಜೀವ ಉಳಿದರೆ ತಾನೆ ಕಣ್ಣು. 1960ರ ದಶಕದ ಕೊನೆಗೆ ಮುಖವಿಡೀ ಮುಚ್ಚುವ ಹೆಲ್ಮೆಟ್ ಬಂದಾಗ ಗಾಗಲ್ಸಿನ ಕೆಲಸವೂ ವೈಸರಿನ ಪಾಲಾಯಿತು. ಹೀಗೆ ಕಣ್ಣು ತಲೆಯ ಬಾಲವಾಯಿತು.

ನಮ್ಮ ಕಡೆ ಕಥೆ ಬೇರೆ. ಮದ್ರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿ ತಿರುವೊಟ್ಟಿಯೂರಿನಿಂದ ಬುಲೆಟ್ ಬರತೊಡಗಿತು. 1960ರ ದಶಕದಲ್ಲಿ ಮೈಸೂರಿನಿಂದ ಜಾವಾ, 1973ರಿಂದ ಯೆಜ್ಡಿ. ಹೆಲ್ಮೆಟ್ಟು, ಗಾಗಲ್ಸು ಎಂದರೆ ಶೋಲಾವರಂ ರೇಸಿನವರ ಸಾಮಾನು. ಯುದ್ಧಕಾಲದ ಹಳೆಯ ವಿಮಾನಪಟ್ಟಿಯ ಮೇಲೆ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತಿದ್ದ ರೇಸಿಗೆ ಮೈಸೂರಿನಿಂದಲೂ ಜಾವಾ ಹುಡುಗರು ಹೋಗುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು. ಮಿಕ್ಕವರಿಗೆ ಕೂಲಿಂಗ್ ಗ್ಲಾಸೇ ಗತಿ. ಎಂಜಿಆರ್ ಕಪ್ಪು ಕನ್ನಡಕ ಬಿಟ್ಟು ಹೊರಗೆ ಕಾಣಿಸಿಕೊಳ್ಳದ ಊರಿದು. ಬರ್ಮಾ ಬಜಾರಿನಲ್ಲಿ ‘ಫಾರಿನ್’ ಮಾಲು ಕೊಂಡು ಹಾಕಿಕೊಂಡವನಿಗೆ ಧೂಳಿಗಿಂತ ಪಕ್ಕದ ಬಸ್ಸಿನ ಕಿಟಕಿಯ ಮೇಲೆಯೇ ಗಮನ. ಅಗ್ಗದ ಕಪ್ಪು ಗಾಜು ಸೂರ್ಯ ಮುಳುಗಿದ ಮೇಲೆ ಕಣ್ಣು ಕಟ್ಟುವ ಬಟ್ಟೆಗೆ ಸಮ.

ಕಾಯಿದೆ ಬಂತು. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಹೆಲ್ಮೆಟ್ ಕಡ್ಡಾಯವೆಂದಿತು. ತಮಿಳುನಾಡು 2007ರ ಜೂನ್ 1ರಿಂದ ಜಾರಿ ಎಂದಿತು, ಆಮೇಲೆ ಸಡಿಲಾಯಿತು. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2015ರ ಜುಲೈ 1ರಿಂದ ಮತ್ತೆ ಬಿಗಿಯಾಯಿತು. ಆ ಜೂನ್ ತಿಂಗಳು ವೇಲಚೇರಿ-ತಾಂಬರಂ ರಸ್ತೆಯ ಫುಟ್‌ಪಾತಿನ ತುಂಬ ಹೆಲ್ಮೆಟ್ ರಾಶಿ. ಹೆಚ್ಚಿನವು ಅರ್ಧ ತಲೆಯವು, ವೈಸರ್ ಇಲ್ಲ, ಇದ್ದರೂ ಬೆರಳಲ್ಲಿ ಒತ್ತಿದರೆ ಬಾಗುವ ಹಾಳೆ. ಕಾಯಿದೆಯಲ್ಲಿ ತಲೆಯಿದೆ, ಗದ್ದದ ಪಟ್ಟಿಯೂ ಇದೆ, ಕಣ್ಣಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇದಕ್ಕೆ ತಿರುಗಾಮುರುಗಾ: ವಿಮೆ ಮಾಡಿಸಿದ 21 ದಾಟಿದವನು ಬರಿತಲೆಯಲ್ಲಿ ಓಡಿಸಬಹುದು, ಕಣ್ಣಿಗೆ ರಕ್ಷಣೆಯಿಲ್ಲದೆ ಓಡಿಸುವಂತಿಲ್ಲ. ಅದೂ ಒಂದು ಹುಚ್ಚೇ ಅನ್ನಿ.

ಕಣ್ಣಿಗೆ ಏನು ಬೀಳುತ್ತದೆ ಎನ್ನುವುದಕ್ಕೆ ವೇಲಚೇರಿಗಿಂತ ಒಳ್ಳೆಯ ಪಾಠಶಾಲೆ ಬೇಡ. ಒಂದು ಕಾಲಕ್ಕೆ ಕೆರೆ, ಗದ್ದೆಗಳ ಹಳ್ಳಿ ಇದು. ಪಕ್ಕದಲ್ಲೇ ಪಳ್ಳಿಕ್ಕರಣೈ ಜೌಗು. 2022ರಲ್ಲಿ ಅದು ಜೌಗುಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ಮಳೆ ನಿಂತ ಸಂಜೆ ಅಲ್ಲಿಂದೇಳುವ ಹುಳುಗಳಿಗೆ ಹೆಡ್‌ಲೈಟ್ ಎಂದರೆ ಹಬ್ಬ. ಅದೇ ರಸ್ತೆಯಲ್ಲಿ ಪೆರುಂಗುಡಿಗೆ ಕಸದ ಲಾರಿ, ಕಟ್ಟಡಗಳಿಗೆ ಎಂ-ಸ್ಯಾಂಡ್ ಟಿಪ್ಪರು. 2015ರ ಡಿಸೆಂಬರಿನ ನೆರೆ ಇಳಿದ ಮೇಲೆ ಬೀದಿಯಲ್ಲಿ ಉಳಿದ ಕೆಸರು ಒಣಗಿ ಎಷ್ಟೋ ದಿನ ಗಾಳಿಯಲ್ಲೇ ಇತ್ತು. ಆಗ ಅಂಗಡಿಗೆ ಕೆಂಪು ಕಣ್ಣಿನವರು ಬಂದು ‘ಡ್ರಾಪ್ಸ್ ಕೊಡಿ ಸಾರ್’ ಎನ್ನುವರು. ನಾನು ಡಾಕ್ಟರಲ್ಲ, ಕಣ್ಣು ಉಜ್ಜಬೇಡಿ, ನೀರಲ್ಲಿ ತೊಳೆಯಿರಿ, ಆದರೂ ಚುಚ್ಚಿದರೆ ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆಗೆ ಹೋಗಿ ಎನ್ನುತ್ತಿದ್ದೆ. 1819ರಲ್ಲಿ ಶುರುವಾದ ಆಸ್ಪತ್ರೆ ಅದು, ಕಸ ತೆಗೆಯುವುದರಲ್ಲಿ ಪಳಗಿದ ಕೈ.

ವೈಸರ್ ಇದ್ದವರದ್ದು ಇನ್ನೊಂದು ಗೋಳು. ಅಂಗಡಿಯ ದೀಪದ ಕೆಳಗೆ ಹಿಡಿದು ತಿರುಗಿಸಿದರೆ ಗೊತ್ತಾಗುತ್ತದೆ: ಸಿಗ್ನಲ್ಲಿನಲ್ಲಿ ನಿಂತಾಗ ಅಂಗಿಯ ತುದಿಯಲ್ಲಿ ಒಣ ಧೂಳು ಒರೆಸಿ ಒರೆಸಿ ಸಣ್ಣ ಸಣ್ಣ ಸುತ್ತುಗೆರೆಗಳು. ಪಾಲಿಕಾರ್ಬನೇಟ್ ಒಡೆಯುವುದಿಲ್ಲ, ಆದರೆ ಬಹಳ ಬೇಗ ಗೀರು ಬೀಳುತ್ತದೆ. ಹಗಲು ಗೀರು ಕಾಣುವುದಿಲ್ಲ. ರಾತ್ರಿ ಎದುರಿನ ಎಲ್‌ಇಡಿ ಬೆಳಕು ಬಿದ್ದೊಡನೆ ಒಂದೊಂದು ಗೀರೂ ಹೊತ್ತಿಕೊಂಡು ಮುಂದಿನ ರಸ್ತೆಯೇ ಮಾಯ. ಆಗ ಸವಾರ ವೈಸರ್ ಮೇಲೆತ್ತುತ್ತಾನೆ, ಹುಳುವಿಗೆ ಬಾಗಿಲು ತೆರೆಯಿತು. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ, ಕೊಳೆ ನೆನೆದ ಮೇಲೆ ಒರೆಸಿ ಎಂದರೆ ನಗುತ್ತಾರೆ. ಗೀರು ಬಿದ್ದದ್ದನ್ನು ಬದಲಾಯಿಸುವುದೇ ಸರಿ. ವೈಸರಿಗೆಂದೇ ಐಎಸ್ 9973 ಎಂಬ ಮಾನಕ ಇದೆ, ಕೊಳ್ಳುವಾಗ ಅದನ್ನು ಕೇಳಿದವರನ್ನು ನಾನು ಕಂಡಿಲ್ಲ.

ನನ್ನನ್ನು ಕಾಡುವುದು ಬೇರೊಂದು ಕಾಯಿದೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 35ನೇ ಕಲಮು ಕಣ್ಣಿಗೆಂದೇ ಇತ್ತು: ಚೂರು ಹಾರುವ ಕೆಲಸಕ್ಕೆ ತಡೆಯನ್ನೋ ಗಾಗಲ್ಸನ್ನೋ ಮಾಲೀಕ ಒದಗಿಸಬೇಕಿತ್ತು. ನಮ್ಮ ವೇಲಚೇರಿಯ ಎಷ್ಟೋ ಮಂದಿ ಹೋಗುವುದು 1958ರಲ್ಲಿ ಶುರುವಾದ ಗಿಂಡಿ ಇಂಡಸ್ಟ್ರಿಯಲ್ ಎಸ್ಟೇಟಿಗೆ. ಗ್ರೈಂಡಿಂಗ್ ಮಾಡುವ ಹುಡುಗನೊಬ್ಬ ಕಣ್ಣಲ್ಲಿ ನೀರು ಸುರಿಸಿಕೊಂಡು ಬಂದಿದ್ದ. ಶಾಪಿನಲ್ಲಿ ಕಿಡಿ ಸಿಡಿಯಿತೇ ಎಂದೆ. ‘ಇಲ್ಲ ಸಾರ್, ಅಲ್ಲಿ ಕಣ್ಣಾಡಿ ಹಾಕಿರ್ತೀನಿ. ಇದು ಬರೋವಾಗ ರೋಡಲ್ಲಿ ಬಿದ್ದದ್ದು’ ಎಂದ, ತನ್ನ ಅರೆಗನ್ನಡದಲ್ಲಿ. ಮತ್ತೆ ಅದನ್ನೇ ಹಾಕಿಕೊಂಡು ಬರಬಾರದೇನಪ್ಪ ಎಂದರೆ, ಕಂಪನಿ ಸಾಮಾನು ಸಾರ್, ಆರು ಗಂಟೆಗೆ ಗೇಟಿನಲ್ಲಿ ವಾಪಸು ಕೊಡಬೇಕು, ಎಂದ. ಅಂಥದ್ದೇ ಒಂದು ಪಾಲಿಕಾರ್ಬನೇಟಿನ ಬಿಳಿ ಕನ್ನಡಕ ತರಿಸಿಕೊಟ್ಟೆ. ಹೆಲ್ಮೆಟ್ಟಿನೊಳಗೆ ಕಡ್ಡಿ ಒತ್ತುತ್ತದೆಂದು ಮಾರನೇ ವಾರ ಬಂದ. ಕಡ್ಡಿ ಕಾಯಿಸಿ ನೆಟ್ಟಗೆ ಮಾಡಿಕೊಟ್ಟಿದ್ದೇನೆ.