ತೊಟ್ಟಿಲ ತೂಕ, ಮುಪ್ಪಿನ ಮರೆವು

'ಅರವತ್ತಕ್ಕೆ ಅರಳು ಮರಳು' ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಮನೆಯ ದಾರಿಯನ್ನೇ ಮರೆತರೆ, ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ. ಇಂಥ ಮರೆವು ಕಾಯಿಲೆಯ ಲಕ್ಷಣವಿರಬಹುದು. ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ಕೊಬ್ಬಿನೊಂದಿಗೆ ಅದಕ್ಕೆ ಸಂಬಂಧವಿದೆ ಎಂದು ತಿಳಿಯಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಲೋಯಿಸ್ ಆಲ್ಜೈಮರ್ ಎಂಬ ವೈದ್ಯ, ಮರೆವಿನಿಂದ ಬಳಲುತ್ತಿದ್ದ 51 ವರ್ಷದ ಮಹಿಳೆಯೊಬ್ಬರನ್ನು ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನರಕೋಶಗಳ ಹೊರಗೆ ಪ್ರೋಟೀನಿನ ಗಂಟುಗಳೂ ಒಳಗೆ ಸಿಕ್ಕಾದ ಎಳೆಗಳೂ ಕಂಡವು. ಇದು ನಡುವಯಸ್ಸಿನವರ ಅಪರೂಪದ ರೋಗವೆಂದೇ ಬಹುಕಾಲ ಭಾವಿಸಲಾಗಿತ್ತು. ವೃದ್ಧರ ಮರೆಗುಳಿತನವೂ ಬಹುಮಟ್ಟಿಗೆ ಇದೇ ರೋಗವೆಂದು ಅಮೆರಿಕದ ರಾಬರ್ಟ್ ಕಾಟ್ಸ್‌ಮನ್ ಬಲವಾಗಿ ವಾದಿಸಿದ್ದು 1976ರಲ್ಲಿ.

ಈ ನಡುವೆ 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾಗಿತ್ತು. ಮಧುಮೇಹವಿದ್ದವರು ಹೆಚ್ಚು ಕಾಲ ಬದುಕತೊಡಗಿದಂತೆ ಕಣ್ಣು, ಮೂತ್ರಪಿಂಡ, ಹೃದಯಗಳ ತೊಂದರೆಗಳು ಕಾಣಿಸಿಕೊಂಡವು. ಮಿದುಳಿನ ಸರದಿ ತಡವಾಗಿ ಬಂತು. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 6,370 ಹಿರಿಯರನ್ನು ಗಮನಿಸಿದ ಅಧ್ಯಯನವೊಂದು, ಮಧುಮೇಹವಿದ್ದವರಲ್ಲಿ ಮರೆಗುಳಿ ರೋಗದ ಸಂಭವ ಹೆಚ್ಚುಕಡಿಮೆ ಇಮ್ಮಡಿ ಎಂದು 1999ರಲ್ಲಿ ವರದಿ ಮಾಡಿತು.

ಏಕೆ ಹೀಗೆ? ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ಸಕ್ಕರೆ ಮತ್ತು ರಕ್ತದೊತ್ತಡ ವರ್ಷಗಟ್ಟಲೆ ಏರಿದ್ದರೆ, ಅದಕ್ಕೆ ಆಮ್ಲಜನಕ ಒಯ್ಯುವ ಸೂಕ್ಷ್ಮ ರಕ್ತನಾಳಗಳು ಕೆಡುತ್ತವೆ. ಇನ್ನೊಂದು ಸಂಗತಿಯೂ ಇದೆ. ಇನ್ಸುಲಿನ್ನನ್ನು ಒಡೆಯುವ ಕಿಣ್ವವೇ ಆಲ್ಜೈಮರ್ ಕಂಡ ಗಂಟುಗಳ ಪ್ರೋಟೀನನ್ನೂ ಒಡೆಯಬಲ್ಲದು. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದಾಗ ಆ ಎರಡನೆಯ ಕೆಲಸ ಹಿಂದುಳಿಯಬಹುದೆಂಬ ಊಹೆಯಿದೆ.

ಈ ಇತಿಹಾಸದಲ್ಲಿ ನಮ್ಮ ನಾಡಿನ ಪಾಲೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ಆ ದಾಖಲೆಗಳು ಉಳಿದುಬಂದವು. 1990ರ ದಶಕದಲ್ಲಿ ಕೆರೊಲಿನ್ ಫಾಲ್ ಮತ್ತು ಸಂಗಡಿಗರು ಆ ಶಿಶುಗಳನ್ನು ನಡುವಯಸ್ಸಿನವರಾಗಿ ಹುಡುಕಿ ತೆಗೆದು ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಮುಂದೆ ವೈದ್ಯ ಮುರಳಿ ಕೃಷ್ಣ ಅವರ ತಂಡ, ಮುಪ್ಪಿನತ್ತ ಸಾಗಿದ್ದ ಇದೇ ಬಳಗದವರ ನೆನಪು ಮತ್ತು ಯೋಚನಾಶಕ್ತಿಯನ್ನು ಅಳೆಯಿತು. ಹುಟ್ಟಿದಾಗಿನ ತೂಕ ಮಾತ್ರವಲ್ಲ, ಬಾಲ್ಯದ ಸ್ಥಿತಿಗತಿ ಮತ್ತು ಓದು ಕೂಡ ಇಳಿವಯಸ್ಸಿನ ಬುದ್ಧಿಶಕ್ತಿಯೊಂದಿಗೆ ನಂಟು ಹೊಂದಿದ್ದವು.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸ ಬಲ್ಲವರನ್ನು ಕೇಳಿ ನೋಡಿ. ಲೋಹ ಹೊಯ್ಯುವಾಗ ಒಳಗೆ ಸೇರಿದ ಗಾಳಿಗುಳ್ಳೆ ಆಗ ಕಾಣುವುದಿಲ್ಲ. ಲೇಥಿನಲ್ಲಿ ಕಡೆಯುವಾಗ ಹೊರಬೀಳುತ್ತದೆ. ಮೊದಲ ದಿನಗಳ ಕೊರತೆಯೂ ದೇಹದಲ್ಲಿ ಹೀಗೆ ಅಡಗಿರಬಲ್ಲದು. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಎರಕವನ್ನು ಒಮ್ಮೆ ಹೊಯ್ದರೆ ಮುಗಿಯಿತು. ದೇಹ ಹಾಗಲ್ಲ, ಆಹಾರ ದುಡಿಮೆಗಳಿಗೆ ತಕ್ಕಂತೆ ಜೀವನದುದ್ದಕ್ಕೂ ಬದಲಾಗುತ್ತದೆ.

ಹಾಗಾದರೆ ಸಕ್ಕರೆಯನ್ನು ಇಳಿಸಿದರೆ ಸಾಕೇ? ಬಹುಕಾಲದಿಂದ ಮಧುಮೇಹವಿದ್ದವರಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಹಿಡಿದಿಟ್ಟರೂ ನೆನಪಿನ ಶಕ್ತಿಗೆ ಹೆಚ್ಚಿನ ಲಾಭವಾಗಲಿಲ್ಲವೆಂದು 2011ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಸಕ್ಕರೆ ಅತಿಯಾಗಿ ಕುಸಿಯುವುದೂ ಮಿದುಳಿಗೆ ಅಪಾಯವೇ. 2015ರಲ್ಲಿ ಫಿನ್‌ಲೆಂಡ್ ಬೇರೆ ಪಾಠ ಹೇಳಿತು. ಅಪಾಯದ ಅಂಚಿನಲ್ಲಿದ್ದ 60ರಿಂದ 77 ವಯಸ್ಸಿನ 1,260 ಮಂದಿಯನ್ನು ಎರಡು ಗುಂಪು ಮಾಡಲಾಗಿತ್ತು. ಆಹಾರ, ವ್ಯಾಯಾಮ, ಬುದ್ಧಿಗೆ ಕಸರತ್ತು, ರಕ್ತದೊತ್ತಡ ಮತ್ತಿತರ ಅಂಶಗಳ ನಿಗಾ ಇವೆಲ್ಲ ಒಟ್ಟಿಗೇ ದೊರೆತ ಗುಂಪು ಎರಡು ವರ್ಷಗಳಲ್ಲಿ ಪರೀಕ್ಷೆಗಳಲ್ಲಿ ಮೇಲುಗೈ ಪಡೆಯಿತು.

ಪರದೇಶದ ಈ ಅಂಕಿಗಳು ನಮಗೂ ಅನ್ವಯಿಸುತ್ತವೆಯೇ ಎಂದು ನೀವು ಕೇಳಬಹುದು. ಅದಕ್ಕೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಕೈಗೊಂಡಿದೆ.

'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿತು. ಇವನ್ನೆಲ್ಲ ನಿವಾರಿಸಿದರೆ ವಿಶ್ವದ ಮರೆಗುಳಿ ರೋಗದ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂಬುದು ಅದರ ಅಂದಾಜು. ಮಧುಮೇಹ, ರಕ್ತದೊತ್ತಡ, ಬೊಜ್ಜು, ಕೆಟ್ಟ ಕೊಲೆಸ್ಟೆರಾಲ್ ಅದರಲ್ಲಿವೆ. ಬಾಲ್ಯದಲ್ಲಿ ಶಾಲೆಯ ಓದು ಸಿಗದಿರುವುದೂ ಇದೆ.

ವಿದ್ಯಾರ್ಥಿಗಳೇ, ಮನೆಯಲ್ಲಿ 40 ದಾಟಿದವರು ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಂಡದ್ದು ಯಾವಾಗ ಎಂದು ಇಂದೇ ವಿಚಾರಿಸಿ. ಅಜ್ಜ ಅಜ್ಜಿಯರ ಮರೆವನ್ನು ಹಾಸ್ಯ ಮಾಡದೆ ವೈದ್ಯರಿಗೆ ತೋರಿಸಿ. ಶಿಕ್ಷಕರೇ, ಅರ್ಧಕ್ಕೆ ಶಾಲೆ ಬಿಡುವ ಮಗುವೊಂದನ್ನು ನೀವು ಮರಳಿ ಕರೆತಂದರೆ, ಅದರ ಮುಪ್ಪಿನ ನೆನಪಿಗೂ ರಕ್ಷಣೆ ಕೊಟ್ಟಂತೆ.