ಮುಚ್ಚಿದ ಲಕೋಟೆ: ಕಾನೂನು ದಸ್ತಾವೇಜಿನ ಗೋಪ್ಯತೆಯ ಇತಿಹಾಸ

ಕಾನೂನಿಗೆ ಸಂಬಂಧಿಸಿದ ಕಾಗದಪತ್ರವನ್ನು ಮೊಹರು ಮಾಡಿ, ಗೊತ್ತುಪಡಿಸಿದ ಅಧಿಕಾರಿಯೋ ನ್ಯಾಯಾಧೀಶರೋ ಹೊರತು ಬೇರಾರೂ ಓದದಂತೆ ಕಾಪಿಡುವ ಪದ್ಧತಿಗೆ ಮುಚ್ಚಿದ ಲಕೋಟೆ ಎಂದು ಹೆಸರು. ಮುದ್ರೆಯ ಮೊದಲ ಕೆಲಸ ಮರೆಮಾಡುವುದಾಗಿರಲಿಲ್ಲ. ತಾಮ್ರಶಾಸನದ ಹಲಗೆಗಳನ್ನು ಪೋಣಿಸಿದ ಬಳೆಯ ಮೇಲೆ ರಾಜಲಾಂಛನವನ್ನು ಒತ್ತುತ್ತಿದ್ದುದು ದಾನ ಅರಸನಿಂದಲೇ ಬಂದದ್ದೆಂದು ಖಚಿತಪಡಿಸಲು. ತಾಮ್ರಪಟ ದಾನ ಪಡೆದವರ ವಶದಲ್ಲಿರುತ್ತಿತ್ತು. ಶಿಲಾಶಾಸನವಾದರೋ ಬಂದುಹೋಗುವವರೆಲ್ಲರ ಕಣ್ಣೆದುರು ನಿಲ್ಲುತ್ತಿತ್ತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ, ಸಾಂತರ ಅರಸರ ರಾಜಧಾನಿಯಾಗಿದ್ದ ಹೊಂಬುಜದಲ್ಲಿ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯ ಶಾಸನ ಈ ಎರಡನೆಯ ಬಗೆಯದು. ಈ ಭಾಗದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು.

ಗೋಪ್ಯತೆಗೆ ಸ್ಪಷ್ಟ ಕಟ್ಟುಪಾಡು ಹಾಕಿದ ಕಾನೂನುಗಳಲ್ಲಿ 1908ರ ನೋಂದಣಿ ಕಾಯ್ದೆ ಮುಖ್ಯವಾದುದು. ಅದರ 42ರಿಂದ 46ರವರೆಗಿನ ಕಲಂಗಳ ಪ್ರಕಾರ ಉಯಿಲು ಬರೆದವರು, ಅಂದರೆ ತಮ್ಮ ಮರಣಾನಂತರ ಆಸ್ತಿ ಯಾರಿಗೆ ಸೇರಬೇಕೆಂದು ಬರೆದಿಟ್ಟವರು, ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಹೊಸನಗರ, ಸಾಗರ, ತೀರ್ಥಹಳ್ಳಿಗಳ ಉಪನೋಂದಣಿ ಕಚೇರಿಗಳಲ್ಲಿ ಉಯಿಲನ್ನು ನೋಂದಾಯಿಸಬಹುದಾದರೂ ಈ ಠೇವಣಿಗೆ ಮಾತ್ರ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಗೇ ಹೋಗಬೇಕು. ಅಧಿಕಾರಿ ಲಕೋಟೆಯ ಮೇಲಿನ ಒಕ್ಕಣೆಯನ್ನಷ್ಟೇ 5ನೆಯ ನೋಂದಣಿ ಪುಸ್ತಕದಲ್ಲಿ ನಕಲಿಸಿ, ಸ್ವೀಕರಿಸಿದ ದಿನ ಮತ್ತು ಗಳಿಗೆಯನ್ನು ಗುರುತಿಸಿ, ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡುತ್ತಾನೆ. ಬರೆದವರು ತೀರಿಕೊಂಡ ಮೇಲೆ ಅರ್ಜಿ ಬಂದರೆ ಅರ್ಜಿದಾರನ ಎದುರಿನಲ್ಲೇ ಲಕೋಟೆಯನ್ನು ಒಡೆದು, ಒಳಗಿನ ಬರಹವನ್ನು 3ನೆಯ ಪುಸ್ತಕಕ್ಕೆ ಇಳಿಸುತ್ತಾನೆ. ಆಮೇಲೆ ಕೇಳಿದವರಿಗೆ ಅದರ ನಕಲು ದೊರೆಯುತ್ತದೆ. ಜಮೀನಿನ ಕ್ರಯಪತ್ರದಂಥ ಸ್ಥಿರಾಸ್ತಿಯ ದಸ್ತಾವೇಜುಗಳಿರುವ 1ನೆಯ ಪುಸ್ತಕ, ನಿಗದಿತ ಶುಲ್ಕ ಕಟ್ಟಿದ ಯಾರಿಗಾದರೂ ತೆರೆದಿರುತ್ತದೆ. ಗುಟ್ಟು ಯಾರದು, ಯಾತಕ್ಕೆ, ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ; ಶತಮಾನ ಕಳೆದರೂ ಇದರಷ್ಟು ಚೊಕ್ಕವಾದ ಏರ್ಪಾಡನ್ನು ನ್ಯಾಯಾಲಯದ ಲಕೋಟೆಗೆ ಯಾರೂ ರೂಪಿಸಿಲ್ಲವೆಂಬುದು ಖೇದದ ಸಂಗತಿ.

ನ್ಯಾಯಾಲಯಗಳಲ್ಲಿ ಈ ರೂಢಿಗೆ ಆಧಾರವಾದದ್ದು, ಸರ್ಕಾರದ ಅಪ್ರಕಟಿತ ದಾಖಲೆಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸದಿರಲು ಅವಕಾಶ ಕೊಟ್ಟ 1872ರ ಸಾಕ್ಷ್ಯ ಅಧಿನಿಯಮದ 123ನೆಯ ಕಲಂ ಮತ್ತು, ಗೋಪ್ಯವೆನಿಸಿದ ಕಾಗದಗಳನ್ನು ಲಕೋಟೆಯಲ್ಲಿರಿಸಲು ಒಪ್ಪುವ 2013ರ ಸುಪ್ರೀಂ ಕೋರ್ಟ್ ನಿಯಮಗಳು. 1981ರ ಎಸ್. ಪಿ. ಗುಪ್ತ ಪ್ರಕರಣದಲ್ಲಿ ಕಾನೂನು ಸಚಿವರು ಮತ್ತು ಮುಖ್ಯ ನ್ಯಾಯಮೂರ್ತಿಗಳ ನಡುವಣ ಪತ್ರವ್ಯವಹಾರವನ್ನೇ ಬಹಿರಂಗಪಡಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆದರೂ ಮುಂದಿನ ದಶಕಗಳಲ್ಲಿ ಲಕೋಟೆಯ ಬಳಕೆ ಹೆಚ್ಚಿತು. ಮೀಡಿಯಾ ಒನ್ ವಾಹಿನಿಗೆ ಪರವಾನಗಿ ನಿರಾಕರಿಸಿದ ಕಾರಣಗಳನ್ನು ಆ ವಾಹಿನಿಗೇ ತೋರಿಸದೆ ಲಕೋಟೆಯಲ್ಲಿ ಒಪ್ಪಿಸಿದ ಕ್ರಮವನ್ನು 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಎದುರು ಪಕ್ಷದ ವಾದವನ್ನೂ ಕೇಳಬೇಕೆಂಬ ಸಹಜ ನ್ಯಾಯದ ತತ್ತ್ವಕ್ಕೆ ಅದು ವಿರುದ್ಧವೆಂದೂ, ಸೂಕ್ಷ್ಮವಾದ ಸಾಲುಗಳನ್ನಷ್ಟೇ ಮಸಿ ಬಳಿದು ಮುಚ್ಚಿ ಉಳಿದುದನ್ನು ಕೊಡಬಹುದೆಂದೂ ತೀರ್ಪು ಹೇಳಿತು.

ಕರ್ನಾಟಕದಲ್ಲಿ ಈ ವಿಚಾರ ಜನರ ದುಃಖದೊಂದಿಗೆ ಬೆರೆತು ಮುಂದೆ ಬಂದದ್ದು 2025ರಲ್ಲಿ. ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ತಂಡದ ವಿಜಯೋತ್ಸವದ ವೇಳೆ ಕಾಲ್ತುಳಿತದಲ್ಲಿ 11 ಮಂದಿ ಸತ್ತಾಗ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಮೊಕದ್ದಮೆ ಕೈಗೆತ್ತಿಕೊಂಡಿತು. ರಾಜ್ಯ ಸರ್ಕಾರ ವಸ್ತುಸ್ಥಿತಿ ವರದಿಯನ್ನು ಲಕೋಟೆಯಲ್ಲಿ ಸಲ್ಲಿಸಿ, ಅದು ಬಯಲಾದರೆ ನಡೆಯುತ್ತಿರುವ ವಿಚಾರಣೆಗಳ ಮೇಲೆ ಪ್ರಭಾವ ಬೀಳುತ್ತದೆಂದು ವಾದಿಸಿತು. ಜುಲೈನಲ್ಲಿ ವಿಭಾಗೀಯ ಪೀಠವು ಈ ವಾದವನ್ನು ಒಪ್ಪದೆ, ಸಾರ್ವಜನಿಕ ಹಿತ, ರಾಷ್ಟ್ರೀಯ ಭದ್ರತೆ ಅಥವಾ ಖಾಸಗಿತನದ ಪ್ರಶ್ನೆಯಿದ್ದಾಗಲಷ್ಟೇ ಲಕೋಟೆಗೆ ಎಡೆಯುಂಟೆಂದು ಹೇಳಿ, ಕ್ರಿಕೆಟ್ ತಂಡದ ಆಡಳಿತ, ಕ್ರಿಕೆಟ್ ಸಂಸ್ಥೆ ಮತ್ತು ಕಾರ್ಯಕ್ರಮ ಸಂಘಟಕರಿಗೆ ವರದಿಯನ್ನು ಕೊಡಿಸಿತು. ಬಳಿಕ ಅದರ ಅಂಶಗಳು ಪತ್ರಿಕೆಗಳಲ್ಲಿ ಬಂದವು. ಸತ್ತವರ ಮನೆಯವರಿಗೆ ಆ ದಿನ ಏನಾಯಿತೆಂದು ತಿಳಿಯುವ ಹಕ್ಕು ಇನ್ನಾರಿಗಿಂತಲೂ ಮಿಗಿಲಾದುದರಿಂದ ಈ ಆದೇಶದ ತೂಕ ದೊಡ್ಡದು.

ಪಕ್ಷಗಾರರ ಹಕ್ಕು ಬೇರೆ, ಸಾರ್ವಜನಿಕರ ಹಕ್ಕು ಬೇರೆ. ಕರ್ನಾಟಕವು ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ಮಾಹಿತಿ ಹಕ್ಕಿನ ಕಾನೂನು ಮಾಡಿತ್ತು. 2005ರ ಕೇಂದ್ರ ಕಾಯ್ದೆಯ 10ನೆಯ ಕಲಂ ಒಂದು ದಾಖಲೆಯ ಗೋಪ್ಯ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಬಹುದೆನ್ನುತ್ತದೆ. ಆದರೆ ಮೊಕದ್ದಮೆಗೆ ಸೇರದ ಮೂರನೆಯವರು ನ್ಯಾಯಾಲಯದ ಕಡತದ ನಕಲನ್ನು ಆ ಕಾಯ್ದೆಯಡಿ ಅಲ್ಲ, ಹೈಕೋರ್ಟಿನ ನಿಯಮಗಳಂತೆ ಅರ್ಜಿ ಹಾಕಿ ಪಡೆಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸಬಾರದೆಂಬ ನಿಷೇಧ ಇವೆಲ್ಲಕ್ಕೂ ಹೊರತಾಗಿ ನಿಲ್ಲುತ್ತದೆ; ಅಂಥ ತೀರ್ಪುಗಳಲ್ಲಿ ಹೆಸರಿನ ಜಾಗದಲ್ಲಿ ಒಂದಕ್ಷರವನ್ನಷ್ಟೇ ಬರೆದು ಉಳಿದ ತೀರ್ಪನ್ನು ಓದಲು ಬಿಡುತ್ತಾರೆ.